ನಷ್ಟ ಯಾರ ತಲೆಗೆ? ಡೆಬ್ಬಿ ಮ್ಯಾಟ್ಸ್ ಅಧಿಕಾರಾವಧಿಯ ಒಂದು ಪ್ರಕರಣ ಅಧ್ಯಯನ

2009ರ ಆಗಸ್ಟ್ 24ರಂದು ಡೆಬ್ಬಿ ಮ್ಯಾಟ್ಸ್ ಅವರು ಅಮೆರಿಕದ ರಾಷ್ಟ್ರೀಯ ಕ್ರೆಡಿಟ್ ಯೂನಿಯನ್ ಆಡಳಿತ ಸಂಸ್ಥೆಯ (ಎನ್‌ಸಿಯುಎ) ಅಧ್ಯಕ್ಷೆಯಾಗಿ ಅಧಿಕಾರ ವಹಿಸಿಕೊಂಡಾಗ, ಆ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಸುಮಾರು ಏಳೂವರೆ ಸಾವಿರ ಕ್ರೆಡಿಟ್ ಯೂನಿಯನ್‌ಗಳೂ ಅವುಗಳಲ್ಲಿ ಒಂಬತ್ತು ಕೋಟಿಯಷ್ಟು ಸದಸ್ಯರೂ ಇದ್ದರು. ಈ ಯೂನಿಯನ್‌ಗಳ ಪೈಕಿ ಹೆಚ್ಚಿನವು, ಮನೆ ಸಾಲಗಳನ್ನು ಒಟ್ಟುಗೂಡಿಸಿ ಮಾರಿದ ಬಾಂಡುಗಳನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. ಆದರೂ ಆ ಬಾಂಡುಗಳು ಕುಸಿದಾಗ ಬಂದ ನಷ್ಟವನ್ನು ಅವುಗಳೇ ತುಂಬಬೇಕಾದ ಸ್ಥಿತಿ ಬಂದೊದಗಿತ್ತು. ಮುಂದಿನ ಆರೂವರೆ ವರ್ಷಗಳಲ್ಲಿ ಮ್ಯಾಟ್ಸ್ ಅವರು ಮಾಡಿದ ಕೆಲಸದ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ನಡೆಯಿತು: ತಪ್ಪು ಮಾಡದವರ ಮೇಲೆ ಬಿದ್ದಿರುವ ಈ ಹೊರೆಯನ್ನು ಎಷ್ಟರ ಮಟ್ಟಿಗೆ, ಎಷ್ಟು ಕಾಲದಲ್ಲಿ, ತಪ್ಪು ಮಾಡಿದವರ ಕಡೆಗೆ ಸರಿಸಬಹುದು? ಈ ಅಧ್ಯಯನ ಆ ಪ್ರಶ್ನೆಯನ್ನೇ ಹಿಡಿದು ಅವರ ಅಧಿಕಾರಾವಧಿಯನ್ನು ನೋಡುತ್ತದೆ. ಆಕೆಯ ವ್ಯಕ್ತಿಚಿತ್ರ ಬರೆಯುವುದು ಇಲ್ಲಿನ ಉದ್ದೇಶವಲ್ಲ.

ವ್ಯವಸ್ಥೆಯ ಮೂರು ಹಂತ

ಕ್ರೆಡಿಟ್ ಯೂನಿಯನ್ ಎಂದರೆ ನಮ್ಮ ಪತ್ತಿನ ಸಹಕಾರ ಸಂಘದ ಅಮೆರಿಕನ್ ರೂಪ. ಒಂದು ಕಾರ್ಖಾನೆಯ ನೌಕರರು, ಒಂದು ಸೇನಾ ನೆಲೆಯ ಸಿಬ್ಬಂದಿ, ಒಂದು ಚರ್ಚಿನ ಭಕ್ತರು ಹೀಗೆ ಯಾವುದೋ ಒಂದು ಸಾಮಾನ್ಯ ಸಂಬಂಧವಿರುವ ಜನ ಸೇರಿ, ತಮ್ಮದೇ ಉಳಿತಾಯದಿಂದ ತಮ್ಮವರಿಗೇ ಸಾಲ ಕೊಡುವ ಸಂಸ್ಥೆ ಅದು. ಈ ಹೋಲಿಕೆ ಮೇಲುಮೇಲಿನದಲ್ಲ. ಬೋಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ 1907ರಲ್ಲಿ ಭಾರತಕ್ಕೆ ಬಂದಾಗ ಬಂಗಾಳದಲ್ಲಿ ಸಹಕಾರ ಸಂಘಗಳ ನಿಬಂಧಕರಾಗಿದ್ದ ಗೌರ್ಲೆ ಎಂಬ ಅಧಿಕಾರಿಯನ್ನು ಕಂಡು, ಹಳ್ಳಿಗಳ ಪತ್ತಿನ ಸಂಘಗಳು ನಡೆಯುವ ಬಗೆಯನ್ನು ತಿಳಿದುಕೊಂಡು ಹೋದರು. ಅಮೆರಿಕದಲ್ಲಿ ಆ ಮೇಲೆ ಬೆಳೆದ ಕ್ರೆಡಿಟ್ ಯೂನಿಯನ್ ಚಳವಳಿಗೆ ಹಣ ಹಾಕಿದವರಲ್ಲಿ ಅವರೇ ಮೊದಲಿಗರು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಪತ್ತಿನ ಸಂಘವೂ ಗೌರ್ಲೆ ನೋಡಿಕೊಳ್ಳುತ್ತಿದ್ದ ಸಂಘಗಳೂ 1904ರ ಒಂದೇ ಕಾಯ್ದೆಯ ಮಕ್ಕಳು. ಸಹಕಾರ ಸಂಘಗಳನ್ನು ಕಾಯುವ ಸರ್ಕಾರಿ ಅಧಿಕಾರಿಯೊಬ್ಬರ ಕಚೇರಿಯಿಂದ ಈ ಕಲ್ಪನೆಯ ಒಂದು ಎಳೆ ಸಾಗರ ದಾಟಿತು ಎಂಬುದು ಈ ಪ್ರಕರಣದ ಹಿನ್ನೆಲೆಗೆ ಸಲ್ಲುವ ಮಾತು.

1934ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಕ್ರೆಡಿಟ್ ಯೂನಿಯನ್‌ಗಳಿಗಾಗಿ ಒಕ್ಕೂಟ ಸರ್ಕಾರದ ಕಾಯ್ದೆ ಬಂತು. 1970ರಲ್ಲಿ ಎನ್‌ಸಿಯುಎ ಹಾಗೂ ಠೇವಣಿಗಳಿಗೆ ರಕ್ಷಣೆ ಕೊಡುವ ಷೇರು ವಿಮಾ ನಿಧಿ ಹುಟ್ಟಿದವು. ಈ ವಿಮಾ ನಿಧಿಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. 1980ರ ದಶಕದ ಮಧ್ಯದಿಂದ ಪ್ರತಿ ಕ್ರೆಡಿಟ್ ಯೂನಿಯನ್ ತನ್ನ ವಿಮೆಯುಳ್ಳ ಠೇವಣಿಯ ಶೇ 1ರಷ್ಟನ್ನು ಈ ನಿಧಿಯಲ್ಲಿ ಇಟ್ಟಿರಬೇಕು. ಆ ಹಣ ನಿಧಿಯಲ್ಲಿದ್ದರೂ ಯೂನಿಯನ್ನಿನ ಸ್ವಂತ ಲೆಕ್ಕಪತ್ರದಲ್ಲಿ ಆಸ್ತಿಯಾಗಿಯೇ ಕಾಣುತ್ತದೆ. ನಿಧಿಗೆ ನಷ್ಟವಾದರೆ ಆ ಆಸ್ತಿ ಸವೆಯುತ್ತದೆ, ಅದನ್ನು ಮತ್ತೆ ತುಂಬಿಕೊಡುವುದು ಎಲ್ಲ ಯೂನಿಯನ್‌ಗಳ ಬಾಧ್ಯತೆ. ಎನ್‌ಸಿಯುಎಯ ಸ್ವಂತ ಖರ್ಚೂ ಸರ್ಕಾರದ ಬೊಕ್ಕಸದಿಂದ ಬರುವುದಿಲ್ಲ, ಅದನ್ನೂ ಯೂನಿಯನ್‌ಗಳೇ ಭರಿಸುತ್ತವೆ. ಹೀಗಾಗಿ ಈ ಸಂಸ್ಥೆಯ ಅಧ್ಯಕ್ಷರು ತೆಗೆದುಕೊಳ್ಳುವ ಪ್ರತಿಯೊಂದು ಕಠಿಣ ನಿರ್ಧಾರದ ಬಿಲ್ಲು ಕೊನೆಗೆ ಅವರ ಮೇಲ್ವಿಚಾರಣೆಗೆ ಒಳಪಟ್ಟವರ ಕೈಗೇ ಸೇರುತ್ತದೆ. ಈ ಹುದ್ದೆಯ ಇಕ್ಕಟ್ಟು ಇದು.

ಕರ್ನಾಟಕದಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘ, ಅದರ ಮೇಲೆ ಡಿಸಿಸಿ ಬ್ಯಾಂಕ್, ಅದರ ಮೇಲೆ ಅಪೆಕ್ಸ್ ಬ್ಯಾಂಕ್ ಇರುವಂತೆ ಅಲ್ಲಿಯೂ ಮೂರು ಹಂತಗಳಿದ್ದವು. ಸಾಮಾನ್ಯ ಯೂನಿಯನ್‌ಗಳು ತಮ್ಮಲ್ಲಿ ಸಾಲಕ್ಕೆ ಹೋಗದೆ ಉಳಿದ ಹಣವನ್ನು ಕಾರ್ಪೊರೇಟ್ ಕ್ರೆಡಿಟ್ ಯೂನಿಯನ್ ಎಂಬ ಮೇಲಿನ ಹಂತದ ಸಂಸ್ಥೆಯಲ್ಲಿ ಇಡುತ್ತಿದ್ದವು. ಚೆಕ್ ವಿಲೇವಾರಿ, ಹಣ ವರ್ಗಾವಣೆ, ತುರ್ತು ಸಾಲ ಎಲ್ಲವೂ ಅಲ್ಲಿಂದಲೇ ಆಗುತ್ತಿತ್ತು. ಆ ಕಾರ್ಪೊರೇಟ್ ಸಂಸ್ಥೆಗಳ ಪೈಕಿ ಹಲವು ತಮ್ಮ ಹಣವನ್ನು ಕನ್ಸಾಸ್ ರಾಜ್ಯದ ಲೆನೆಕ್ಸಾದಲ್ಲಿದ್ದ ಯು.ಎಸ್. ಸೆಂಟ್ರಲ್ ಎಂಬ ಒಂದೇ ಸಂಸ್ಥೆಯಲ್ಲಿ ಇಡುತ್ತಿದ್ದವು. 2000ದ ದಶಕದ ನಡುವಿನಲ್ಲಿ ಕಾರ್ಪೊರೇಟ್ ಸಂಸ್ಥೆಗಳ ನಡುವೆ ಹೆಚ್ಚು ಬಡ್ಡಿ ಕೊಡುವ ಪೈಪೋಟಿ ಬೆಳೆಯಿತು. ಆ ಹೆಚ್ಚುವರಿ ಬಡ್ಡಿಯನ್ನು ಗಳಿಸಲು ಅವು ವಾಲ್ ಸ್ಟ್ರೀಟಿನ ಬ್ಯಾಂಕುಗಳು ಮಾರುತ್ತಿದ್ದ, ಸರ್ಕಾರದ ಖಾತರಿ ಇಲ್ಲದ ಮನೆ ಸಾಲದ ಬಾಂಡುಗಳನ್ನು ಕೊಂಡವು. ಬಾಂಡುಗಳ ಮೇಲೆ ಅತಿ ಸುರಕ್ಷಿತ ಎಂದು ಸಾರುವ ಮೂರು ಎ ದರ್ಜೆಯ ಮುದ್ರೆ ಇತ್ತು. ಅಷ್ಟಿದ್ದರೆ ಸಾಕು ಎಂದು ಕೊಂಡವರೂ ನಂಬಿದರು, ತಪಾಸಣೆಗೆ ಹೋದವರೂ ನಂಬಿದರು. ಎನ್‌ಸಿಯುಎಯ ಕೆಲಸವನ್ನು ಒಳಗಿನಿಂದಲೇ ತನಿಖೆ ಮಾಡುವ ಮಹಾ ಪರಿವೀಕ್ಷಕರ ಕಚೇರಿ ನಂತರ ನೀಡಿದ ವರದಿಗಳು, ಒಂದೇ ಬಗೆಯ ಬಾಂಡುಗಳಲ್ಲಿ ಹಣ ಗುಡ್ಡೆಬೀಳುತ್ತಿದ್ದುದನ್ನು ತಪಾಸಣಾಧಿಕಾರಿಗಳು ಸಕಾಲದಲ್ಲಿ ತಡೆಯಲಿಲ್ಲ ಎಂದು ನೇರವಾಗಿಯೇ ಹೇಳಿದವು.

ಬಾಂಡುಗಳ ಬೆಲೆ ಕುಸಿದು ಈ ಸಂಸ್ಥೆಗಳು ನಷ್ಟಕ್ಕೆ ಸಿಲುಕಿದಾಗ, 2009ರ ಜನವರಿಯಲ್ಲಿ ವಿಮಾ ನಿಧಿಯಿಂದ 100 ಕೋಟಿ ಡಾಲರ್ ಬಂಡವಾಳವನ್ನು ಯು.ಎಸ್. ಸೆಂಟ್ರಲ್‌ಗೆ ತುಂಬಲಾಯಿತು. ಅದು ಸಾಲಲಿಲ್ಲ. ಮಾರ್ಚ್ 20ರಂದು, ಆಗಿನ ಅಧ್ಯಕ್ಷ ಮೈಕೆಲ್ ಫ್ರೈಜೆಲ್ ಅವರ ಕಾಲದಲ್ಲಿ, 3,400 ಕೋಟಿ ಡಾಲರ್ ಆಸ್ತಿಯ ಯು.ಎಸ್. ಸೆಂಟ್ರಲ್ ಮತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಮಾಸ್‌ನಲ್ಲಿದ್ದ 2,300 ಕೋಟಿ ಡಾಲರ್ ಆಸ್ತಿಯ ವೆಸ್‌ಕಾರ್ಪ್ ಎರಡನ್ನೂ ಎನ್‌ಸಿಯುಎ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಮೇ 20ರ ಕಾಯ್ದೆಯೊಂದರ ಮೂಲಕ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ತಾತ್ಕಾಲಿಕ ಸ್ಥಿರತಾ ನಿಧಿಯನ್ನು ಸ್ಥಾಪಿಸಿತು. ಖಜಾನೆಯಿಂದ ಸಾಲ ತಂದು ನಷ್ಟವನ್ನು ತುಂಬಿ, ಆ ಸಾಲವನ್ನು ವರ್ಷವರ್ಷವೂ ಯೂನಿಯನ್‌ಗಳಿಂದ ವಂತಿಗೆಯಾಗಿ ವಸೂಲು ಮಾಡಿ ತೀರಿಸುವ ಏರ್ಪಾಡು ಅದು. ಇಡೀ ನಷ್ಟ ಒಂದೇ ವರ್ಷದಲ್ಲಿ ಯೂನಿಯನ್‌ಗಳ ಮೇಲೆ ಬಿದ್ದಿದ್ದರೆ ನೂರಾರು ಯೂನಿಯನ್‌ಗಳ ಬಂಡವಾಳ ಕರಗಿಹೋಗುತ್ತಿತ್ತು. ಈ ಎರಡೂ ಹೆಜ್ಜೆಗಳ ಶ್ರೇಯ ಮ್ಯಾಟ್ಸ್ ಅವರದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಮೇಜಿನ ಎರಡೂ ಬದಿ

ಮ್ಯಾಟ್ಸ್ ಅವರು ಕಾಂಗ್ರೆಸ್ಸಿನ ಜಂಟಿ ಆರ್ಥಿಕ ಸಮಿತಿಯಲ್ಲಿ ಅರ್ಥಶಾಸ್ತ್ರಜ್ಞೆಯಾಗಿ, ಕ್ಲಿಂಟನ್ ಕಾಲದಲ್ಲಿ ಕೃಷಿ ಇಲಾಖೆಯ ಆಡಳಿತ ವಿಭಾಗದ ಹಿರಿಯ ಅಧಿಕಾರಿಯಾಗಿ ದುಡಿದವರು. 2002ರ ಜನವರಿಯಿಂದ 2005ರ ಅಕ್ಟೋಬರಿನವರೆಗೆ ಎನ್‌ಸಿಯುಎಯ ಮೂವರು ಸದಸ್ಯರ ಮಂಡಳಿಯಲ್ಲಿ ಒಬ್ಬರಾಗಿದ್ದರು. ಅಲ್ಲಿಂದ ಹೊರಬಂದ ಮೇಲೆ, ವಾಷಿಂಗ್ಟನ್ ಬಳಿಯ ಆಂಡ್ರ್ಯೂಸ್ ವಾಯುನೆಲೆಯ ಸಿಬ್ಬಂದಿಯಿಂದ ಆರಂಭವಾದ ಆಂಡ್ರ್ಯೂಸ್ ಫೆಡರಲ್ ಕ್ರೆಡಿಟ್ ಯೂನಿಯನ್ನಿನ ದೈನಂದಿನ ವಹಿವಾಟಿನ ಮುಖ್ಯಸ್ಥೆಯಾದರು. ಬಿಕ್ಕಟ್ಟು ಸ್ಫೋಟಿಸಿದಾಗ ಅವರು ಕೂತಿದ್ದುದು ವಂತಿಗೆ ಕಟ್ಟುವವರ ಬದಿಯಲ್ಲಿ. ಅಧ್ಯಕ್ಷ ಒಬಾಮಾ ಅವರು ಮ್ಯಾಟ್ಸ್ ಅವರನ್ನು ಮರಳಿ ಕರೆತಂದಾಗ ಆಕೆ ಕೂತದ್ದು ವಂತಿಗೆ ವಿಧಿಸುವವರ ಬದಿಯಲ್ಲಿ.

ಈ ಅನುಭವ ಅವರಿಗೆ ಎರಡು ಬಗೆಯಲ್ಲಿ ಒದಗಿತು ಎಂದು ನನ್ನ ಅಭಿಪ್ರಾಯ. ವಸೂಲಾತಿಯ ಪ್ರಮಾಣವನ್ನು ಮೊದಲೇ ಅಂದಾಜಾಗಿ ಪ್ರಕಟಿಸಿದರೆ ಯೂನಿಯನ್ನಿನ ಆಡಳಿತ ವರ್ಗ ತನ್ನ ಆಯವ್ಯಯವನ್ನು ಹೊಂದಿಸಿಕೊಳ್ಳಬಹುದು ಎಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು, ಮತ್ತು ಅವರ ಕಾಲದಲ್ಲಿ ಅಂಥ ಮುನ್ನಂದಾಜುಗಳು ವಾಡಿಕೆಯಾದವು. ಇನ್ನೊಂದು ಕಡೆ, ಚಳವಳಿಯವರು ಅವರನ್ನು ‘ನಮ್ಮವರು’ ಎಂದುಕೊಂಡಿದ್ದರಿಂದ ಅವರ ಕಟ್ಟುನಿಟ್ಟಿನ ಪ್ರತಿ ಹೆಜ್ಜೆಯೂ ಎರಡು ಪಟ್ಟು ಕಹಿಯಾಗಿ ಕಂಡಿತು.

2010ರ ಸೆಪ್ಟೆಂಬರ್ 24

ಅಧಿಕಾರಕ್ಕೆ ಬಂದು ಒಂದು ವರ್ಷ ತುಂಬಿದ ಮೇಲೆ, ಒಂದು ಶುಕ್ರವಾರ, ಎನ್‌ಸಿಯುಎ ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿತು. ಇಲಿನಾಯ್‌ನ ಮೆಂಬರ್ಸ್ ಯುನೈಟೆಡ್, ಟೆಕ್ಸಾಸ್‌ನ ಸೌತ್‌ವೆಸ್ಟ್, ಕನೆಕ್ಟಿಕಟ್‌ನ ಕಾನ್‌ಸ್ಟಿಟ್ಯೂಷನ್ ಎಂಬ ಇನ್ನೂ ಮೂರು ಕಾರ್ಪೊರೇಟ್ ಸಂಸ್ಥೆಗಳನ್ನು ವಶಕ್ಕೆ ತೆಗೆದುಕೊಂಡಿತು. ಉಳಿದ ಕಾರ್ಪೊರೇಟ್ ಸಂಸ್ಥೆಗಳಿಗೆ ಹೊಸ ನಿಯಮ ಹೊರಡಿಸಿ, ಖಾಸಗಿ ಮನೆ ಸಾಲದ ಬಾಂಡುಗಳನ್ನು ಕೊಳ್ಳುವುದನ್ನೇ ನಿಷೇಧಿಸಿತು. ಐದೂ ಸಂಸ್ಥೆಗಳಲ್ಲಿ ಸಿಕ್ಕಿಕೊಂಡಿದ್ದ, ಮುಖಬೆಲೆಯಲ್ಲಿ 5,000 ಕೋಟಿ ಡಾಲರಿಗೆ ಸಮನಾದ ಬಾಂಡುಗಳನ್ನು ಏನು ಮಾಡಬೇಕು ಎಂಬುದಕ್ಕೂ ಅಂದೇ ಉತ್ತರ ಕೊಟ್ಟಿತು.

ಮೂರನೆಯ ಈ ಉತ್ತರವೇ ಇಡೀ ಪ್ರಕರಣದ ತಿರುಳು. ಆ ಬಾಂಡುಗಳಿಗೆ ಅಂದಿನ ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಮುಖಬೆಲೆಯ ಅರ್ಧದಷ್ಟು. ಅಂದೇ ಮಾರಿಬಿಟ್ಟಿದ್ದರೆ ಕಾಗದದ ಮೇಲಿದ್ದ ನಷ್ಟ ಕೈಯಿಂದ ಹೋದ ನಷ್ಟವಾಗುತ್ತಿತ್ತು, ಅದರ ಬಿಲ್ಲು ಯೂನಿಯನ್‌ಗಳಿಗೆ ಹೋಗುತ್ತಿತ್ತು. ಹಾಗೆಂದು ಮಾರದೆ ಇಟ್ಟುಕೊಳ್ಳಲು ಎನ್‌ಸಿಯುಎಯ ಬಳಿ ನಗದು ಇರಲಿಲ್ಲ, ಏಕೆಂದರೆ ಆ ಐದು ಸಂಸ್ಥೆಗಳು ಠೇವಣಿದಾರ ಯೂನಿಯನ್‌ಗಳಿಗೆ ಹಣ ಮರಳಿಸಲೇಬೇಕಿತ್ತು. ಆದ್ದರಿಂದ ಬಾಂಡುಗಳನ್ನು ಆಧಾರವಾಗಿಟ್ಟುಕೊಂಡು, ಅವುಗಳಿಂದ ಪ್ರತಿ ತಿಂಗಳು ಬರುವ ಅಸಲು ಮತ್ತು ಬಡ್ಡಿಯಿಂದಲೇ ತೀರುವಂತಹ ಹೊಸ ನೋಟುಗಳನ್ನು, ಅಂದರೆ ಸಾಲಪತ್ರಗಳನ್ನು, ಹೊರಡಿಸಿ, ಅವಕ್ಕೆ ಅಮೆರಿಕ ಸರ್ಕಾರದ ಪೂರ್ಣ ವಿಶ್ವಾಸದ ಖಾತರಿಯನ್ನು ಅಂಟಿಸಲಾಯಿತು. 2010ರ ಅಕ್ಟೋಬರ್ ಮತ್ತು 2011ರ ಜೂನ್ ನಡುವೆ ಹದಿಮೂರು ಕಂತುಗಳಲ್ಲಿ 2,830 ಕೋಟಿ ಡಾಲರಿನ ನೋಟುಗಳು ಮಾರಾಟವಾದವು. ಖಾತರಿ ಇದ್ದುದರಿಂದ ಕಡಿಮೆ ಬಡ್ಡಿಗೆ ಹಣ ಸಿಕ್ಕಿತು, ಹಳೆಯ ಬಾಂಡುಗಳನ್ನು ತಮ್ಮ ಪಾಡಿಗೆ ವಸೂಲಾಗಲು ಬಿಡುವ ಸಮಯವೂ ಸಿಕ್ಕಿತು. ಕೊನೆಯ ನೋಟುಗಳು 2021ರಲ್ಲಿ ತೀರಿದವು. ಹನ್ನೊಂದು ವರ್ಷ ಕಾಯುವ ತಾಳ್ಮೆಯನ್ನು ಒಂದು ದಿನದ ನಿರ್ಧಾರದಲ್ಲಿ ಕಟ್ಟಿಹಾಕಿದ್ದು ಮ್ಯಾಟ್ಸ್ ಮತ್ತು ಅವರ ಮಂಡಳಿಯ ದೊಡ್ಡ ಸಾಧನೆ ಎಂದು ನಾನು ಭಾವಿಸುತ್ತೇನೆ. ನ್ಯಾಯಾಲಯದ ಗೆಲುವುಗಳಿಗಿಂತಲೂ ಇದು ದೊಡ್ಡದು, ಆದರೆ ಸುದ್ದಿಯಾದದ್ದು ಕಡಿಮೆ.

ವಂತಿಗೆಯ ಲೆಕ್ಕ

ಇಷ್ಟಾದರೂ ನಷ್ಟ ಮಾಯವಾಗಲಿಲ್ಲ. ಐದು ಸಂಸ್ಥೆಗಳಲ್ಲಿ ಸದಸ್ಯ ಯೂನಿಯನ್‌ಗಳು ತೊಡಗಿಸಿದ್ದ ಸುಮಾರು 560 ಕೋಟಿ ಡಾಲರ್ ಬಂಡವಾಳ ಅಳಿಸಿಹೋಯಿತು. ಅದರ ಮೇಲೆ 2009ರಿಂದ 2013ರವರೆಗೆ ಸ್ಥಿರತಾ ನಿಧಿಯ ವಂತಿಗೆಯಾಗಿ ಒಟ್ಟು 480 ಕೋಟಿ ಡಾಲರ್ ವಸೂಲಾಯಿತು. ಅತಿ ಭಾರವಾದದ್ದು 2011ರ ವಂತಿಗೆ: ವಿಮೆಯುಳ್ಳ ಪ್ರತಿ ನೂರು ಡಾಲರ್ ಠೇವಣಿಗೆ 25 ಸೆಂಟ್.

ಇದು ಕೇಳಲು ಸಣ್ಣ ಮೊತ್ತ. ಆದರೆ ಹತ್ತು ಕೋಟಿ ಡಾಲರ್ ಠೇವಣಿಯ ಒಂದು ಯೂನಿಯನ್ನನ್ನು ಊಹಿಸಿಕೊಳ್ಳಿ. 2011ರಲ್ಲಿ ಅದು ಕಟ್ಟಬೇಕಾದ್ದು ಎರಡೂವರೆ ಲಕ್ಷ ಡಾಲರ್. ಆ ವರ್ಷಗಳಲ್ಲಿ ಯೂನಿಯನ್‌ಗಳ ವಾರ್ಷಿಕ ಉಳಿತಾಯ ಆಸ್ತಿಯ ಶೇ 1ನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ಈ ಒಂದು ಚೀಟಿ ವರ್ಷದ ಉಳಿತಾಯದ ಕಾಲುಭಾಗಕ್ಕಿಂತ ಹೆಚ್ಚನ್ನು ನುಂಗುತ್ತಿತ್ತು. ಅಷ್ಟು ಹಣದಲ್ಲಿ ಕೆಲವು ನೌಕರರ ಸಂಬಳವಾಗುತ್ತಿತ್ತು, ಇಲ್ಲವೇ ಠೇವಣಿಯ ಮೇಲಿನ ಬಡ್ಡಿ ತುಸು ಏರುತ್ತಿತ್ತು. ಈ ಯೂನಿಯನ್ನಿನ ನಿರ್ದೇಶಕರು ಸಂಬಳವಿಲ್ಲದ ಸ್ವಯಂಸೇವಕರು. ವಾರ್ಷಿಕ ಮಹಾಸಭೆಯಲ್ಲಿ ನಿಂತು, ನಾವು ಕೊಳ್ಳದ ಬಾಂಡಿನ ನಷ್ಟವನ್ನು ನಾವು ಏಕೆ ಕಟ್ಟುತ್ತಿದ್ದೇವೆ ಎಂದು ನೆರೆಹೊರೆಯವರಿಗೆ ವಿವರಿಸುವ ಕೆಲಸ ಅವರದಾಗಿತ್ತು. ಮ್ಯಾಟ್ಸ್ ಅವರ ವಿರುದ್ಧ ಎದ್ದ ಸಿಟ್ಟಿನ ಬೇರು ಇಲ್ಲಿದೆ. ಅದನ್ನು ಬರೀ ಉದ್ಯಮದ ಗೊಣಗಾಟ ಎಂದು ತಳ್ಳಿಹಾಕಲಾಗದು.

2013ರಲ್ಲಿ ವಂತಿಗೆ ನೂರಕ್ಕೆ 8 ಸೆಂಟಿಗೆ ಇಳಿಯಿತು. ಆಮೇಲೆ ವಂತಿಗೆಯನ್ನು ಕೇಳಲೇ ಇಲ್ಲ. ಅದಕ್ಕೆ ಒಂದು ಕಾರಣ ಮೇಲೆ ಹೇಳಿದ ನೋಟುಗಳು. ಇನ್ನೊಂದು, ದಾವೆಗಳು.

ಮೂರು ವರ್ಷದ ಗಡುವು

ವಾಲ್ ಸ್ಟ್ರೀಟಿನ ಬ್ಯಾಂಕುಗಳ ಮೇಲೆ ಎನ್‌ಸಿಯುಎ ಹೂಡಿದ ದಾವೆಗಳ ವಾದ ಸರಳವಾಗಿತ್ತು. ಬಾಂಡು ಮಾರುವಾಗ ಕೊಟ್ಟ ದಾಖಲೆಗಳಲ್ಲಿ, ಒಳಗಿರುವ ಮನೆ ಸಾಲಗಳನ್ನು ನಿಗದಿತ ಮಾನದಂಡಗಳ ಪ್ರಕಾರ ಕೊಡಲಾಗಿದೆ ಎಂದು ಬರೆದಿತ್ತು. ಸಾಲ ಕೊಟ್ಟವರು ಆ ಮಾನದಂಡಗಳನ್ನು ವ್ಯವಸ್ಥಿತವಾಗಿಯೇ ಕೈಬಿಟ್ಟಿದ್ದರು. ಆದ್ದರಿಂದ ದಾಖಲೆ ಸುಳ್ಳು, ಮಾರಿದವರು ಹೊಣೆ. ಷೇರು, ಬಾಂಡುಗಳ ಮಾರಾಟವನ್ನು ನಿಯಂತ್ರಿಸುವ 1933ರ ಸೆಕ್ಯುರಿಟೀಸ್ ಕಾಯ್ದೆ ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಬಹಳ ಬಿಗಿಯಾದ ಕಾಲಮಿತಿಯೊಂದಿಗೆ. ಬಾಂಡುಗಳ ಪೈಕಿ ಹೆಚ್ಚಿನವು 2006, 2007ರಲ್ಲಿ ಕೊಂಡವು. ಸಾಮಾನ್ಯ ಲೆಕ್ಕದಲ್ಲಿ ಗಡುವು ಮುಗಿದೇ ಹೋಗುತ್ತಿತ್ತು.

ಎನ್‌ಸಿಯುಎಗೆ ಆಸರೆಯಾದದ್ದು ಸರ್ಕಾರಿ ಆಡಳಿತಾಧಿಕಾರಿಗೆ ಕಾನೂನು ಕೊಟ್ಟ ಒಂದು ವಿಶೇಷ ವಿಸ್ತರಣೆ: ಸಂಸ್ಥೆಯನ್ನು ವಶಕ್ಕೆ ತೆಗೆದುಕೊಂಡ ದಿನದಿಂದ ಮೂರು ವರ್ಷ. ಯು.ಎಸ್. ಸೆಂಟ್ರಲ್ ಮತ್ತು ವೆಸ್‌ಕಾರ್ಪ್ ವಿಷಯದಲ್ಲಿ ಆ ಗಡಿಯಾರ 2012ರ ಮಾರ್ಚ್‌ಗೆ ನಿಲ್ಲುತ್ತಿತ್ತು. 2011ರ ಜೂನ್‌ನಲ್ಲಿ ಜೆಪಿ ಮಾರ್ಗನ್ ಮತ್ತು ಆರ್‌ಬಿಎಸ್ (ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್) ವಿರುದ್ಧ ಕನ್ಸಾಸ್‌ನ ಒಕ್ಕೂಟ ನ್ಯಾಯಾಲಯದಲ್ಲಿ ಮೊದಲ ದಾವೆಗಳು ದಾಖಲಾದವು. ನವೆಂಬರ್‌ನಲ್ಲಿ ಡಾಯ್ಚೆ ಬ್ಯಾಂಕ್ 14.5 ಕೋಟಿ ಡಾಲರನ್ನೂ ಸಿಟಿಗ್ರೂಪ್ 2.05 ಕೋಟಿ ಡಾಲರನ್ನೂ, ತಪ್ಪು ಒಪ್ಪಿಕೊಳ್ಳದೆಯೇ, ದಾವೆ ಹೂಡುವ ಮೊದಲೇ ಕಟ್ಟಿ ರಾಜಿಯಾದವು. ಬೇರೆ ಕೆಲವು ಬ್ಯಾಂಕುಗಳು ಮಾತುಕತೆ ನಡೆಯುವವರೆಗೆ ಗಡುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದುಕೊಟ್ಟವು. ಮಾತುಕತೆ ಮುರಿದು ಪ್ರಕರಣ ನ್ಯಾಯಾಲಯಕ್ಕೆ ಬಂದಾಗ, ಅಂಥ ಒಪ್ಪಂದವೇ ಕಾನೂನಿಗೆ ಸಲ್ಲದು, ಹಾಗಾಗಿ ದಾವೆ ತಡವಾಯಿತು ಎಂದು ಬಾರ್ಕ್ಲೇಸ್ ವಾದಿಸಿತು. ತಾನೇ ಸಹಿ ಹಾಕಿದ ಮಾತಿನಿಂದ ಜಾರಿಕೊಳ್ಳಲು ಬಿಡುವುದಿಲ್ಲ ಎಂಬಂತೆ 10ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2015ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾರ್ಕ್ಲೇಸ್ 32.5 ಕೋಟಿ ಡಾಲರಿಗೆ ರಾಜಿಯಾಯಿತು.

ಮುಖ್ಯ ಕಾಳಗ ನಡೆದದ್ದು ವಿಸ್ತರಣೆಯ ಕಾನೂನಿನ ಮೇಲೆಯೇ. 2013ರ ಆಗಸ್ಟ್‌ನಲ್ಲಿ 10ನೇ ಸರ್ಕಿಟ್ ಎನ್‌ಸಿಯುಎ ಪರ ನಿಂತಿತು. 2014ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಬೆಳಕಿನಲ್ಲಿ ಮತ್ತೊಮ್ಮೆ ನೋಡಿ ಎಂದು ಪ್ರಕರಣವನ್ನು ಹಿಂದಿರುಗಿಸಿತು. ಮೇಲ್ಮನವಿ ನ್ಯಾಯಾಲಯ ನೋಡಿ, ತನ್ನ ಅಭಿಪ್ರಾಯ ಬದಲಾಗಿಲ್ಲ ಎಂದಿತು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದಿನ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಗಡುವಿನ ಅಡ್ಡಿ ಹೀಗೆ ಸರಿದ ಮೇಲೆ ಉಳಿದ ಬ್ಯಾಂಕುಗಳು ಒಂದರ ಹಿಂದೊಂದು ಮಾತುಕತೆಗೆ ಬಂದದ್ದು ಕಾಕತಾಳೀಯವಲ್ಲ. ಅದಕ್ಕೂ ಮೊದಲೇ, 2013ರ ನವೆಂಬರ್‌ನಲ್ಲಿ, ಜೆಪಿ ಮಾರ್ಗನ್ 140 ಕೋಟಿ ಡಾಲರ್ ಕಟ್ಟಿತ್ತು. ಆರ್‌ಬಿಎಸ್ 110 ಕೋಟಿ ಡಾಲರ್ ಕಟ್ಟಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಮ್ಯಾಟ್ಸ್ ನಿರ್ಗಮಿಸಿದ ಮೇಲೆ. ಒಟ್ಟು ವಸೂಲಾತಿ 510 ಕೋಟಿ ಡಾಲರನ್ನು ದಾಟಿತು. ಮುಳುಗಿದ ಸಂಸ್ಥೆಗಳ ಪರವಾಗಿ ಇಂಥ ಬಾಂಡುಗಳ ನಷ್ಟವನ್ನು ವಸೂಲು ಮಾಡಿದ ಮೊದಲ ಒಕ್ಕೂಟ ನಿಯಂತ್ರಕ ತಾನು ಎಂದು ಎನ್‌ಸಿಯುಎ ಹೇಳಿಕೊಂಡಿತು.

ಇದರಲ್ಲಿ ಒಂದು ಚುಚ್ಚುವ ಮುಳ್ಳೂ ಇತ್ತು. ಹೊರಗಿನ ವಕೀಲರ ಸಂಸ್ಥೆಗಳೊಂದಿಗೆ ಆದ ಒಪ್ಪಂದ ಗೆದ್ದರಷ್ಟೇ ಶುಲ್ಕ ಎಂಬಂತಹದು, ಪಾಲು ನಾಲ್ಕನೇ ಒಂದು ಭಾಗ. ಸೋತಿದ್ದರೆ ಯೂನಿಯನ್‌ಗಳು ಒಂದು ಡಾಲರನ್ನೂ ಶುಲ್ಕವಾಗಿ ಕಳೆದುಕೊಳ್ಳುತ್ತಿರಲಿಲ್ಲ. ಗೆದ್ದದ್ದರಿಂದ ಶುಲ್ಕ 100 ಕೋಟಿ ಡಾಲರನ್ನು ಮೀರಿತು. ಇಷ್ಟು ದೊಡ್ಡ ಮೊತ್ತದ ವಿವರವನ್ನು ವಂತಿಗೆ ಕಟ್ಟಿದವರಿಗೆ ಬಹಳ ಮುಂಚೆಯೇ ತಿಳಿಸಬೇಕಿತ್ತು ಎಂಬ ಆಕ್ಷೇಪದಲ್ಲಿ ಹುರುಳಿದೆ. 2009ರಲ್ಲಿ ನಗದಿಗೇ ತತ್ವಾರವಿದ್ದ ಸಂಸ್ಥೆ ಹತ್ತು ದೈತ್ಯ ಬ್ಯಾಂಕುಗಳ ವಿರುದ್ಧ ಗಂಟೆಗಿಷ್ಟು ಎಂದು ಶುಲ್ಕ ಕೊಟ್ಟು ವರ್ಷಗಟ್ಟಲೆ ಹೋರಾಡಬಹುದಿತ್ತು ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ಬಂಡವಾಳ ನಿಯಮ ಮತ್ತು ಎರಡು ಸಾವಿರ ಪತ್ರಗಳು

ಬೆಂಕಿ ಆರಿದ ಮೇಲೆ ಮ್ಯಾಟ್ಸ್ ಅವರು ಮುಂದಿನ ಬೆಂಕಿಯ ಕಡೆ ತಿರುಗಿದರು. 2014ರ ಜನವರಿಯಲ್ಲಿ ಮಂಡಳಿ ಹೊಸ ನಿಯಮದ ಕರಡನ್ನು ಹೊರಡಿಸಿತು: ಯೂನಿಯನ್ ಇಟ್ಟುಕೊಳ್ಳಬೇಕಾದ ಬಂಡವಾಳ ಅದರ ಒಟ್ಟು ಗಾತ್ರಕ್ಕೆ ಮಾತ್ರವಲ್ಲದೆ, ಅದು ಕೊಟ್ಟ ಸಾಲಗಳ ಅಪಾಯಕ್ಕೂ ತಕ್ಕಂತೆ ಇರಬೇಕು. ಬ್ಯಾಂಕುಗಳಿಗೆ ಈ ಪದ್ಧತಿ ಹಳೆಯದು. ಯೂನಿಯನ್‌ಗಳು ಮಾತ್ರ ಷೇರು ಮಾರುಕಟ್ಟೆಗೆ ಹೋಗಿ ಬಂಡವಾಳ ಎತ್ತಲಾರವು, ವರ್ಷವರ್ಷದ ಉಳಿತಾಯವನ್ನೇ ಕೂಡಿಡಬೇಕು. ಹಾಗಾಗಿ ಇದು ಅವುಗಳಿಗೆ ವಂತಿಗೆಯ ಗಾಯದ ಮೇಲೆ ಇನ್ನೊಂದು ಬರೆಯಾಗಿ ಕಂಡಿತು. ಎರಡು ಸಾವಿರಕ್ಕೂ ಹೆಚ್ಚು ಆಕ್ಷೇಪಣಾ ಪತ್ರಗಳು ಬಂದವು. ಕಾಂಗ್ರೆಸ್ಸಿನ ಮುನ್ನೂರಕ್ಕೂ ಹೆಚ್ಚು ಸದಸ್ಯರು ಸಹಿ ಹಾಕಿದ ಪತ್ರವೂ ಅವುಗಳಲ್ಲಿ ಒಂದು.

ಮ್ಯಾಟ್ಸ್ ಅವರು ಕರಡನ್ನು ಹಿಂತೆಗೆದುಕೊಳ್ಳಲಿಲ್ಲ, ಹಠಕ್ಕೂ ಬೀಳಲಿಲ್ಲ. ಆ ಬೇಸಿಗೆಯಲ್ಲಿ ಬೇರೆ ಬೇರೆ ನಗರಗಳಲ್ಲಿ ಅಹವಾಲು ಸಭೆಗಳನ್ನು ನಡೆಸಿ, 2015ರ ಜನವರಿಯಲ್ಲಿ ಪರಿಷ್ಕೃತ ಕರಡು ತಂದರು. ನಿಯಮ ಅನ್ವಯಿಸುವ ಗಾತ್ರವನ್ನು 5 ಕೋಟಿ ಡಾಲರಿನಿಂದ 10 ಕೋಟಿ ಡಾಲರಿಗೆ ಏರಿಸಿದರು, ಹಲವು ಸಾಲಗಳ ಅಪಾಯದ ತೂಕವನ್ನು ಇಳಿಸಿದರು. ಅಕ್ಟೋಬರ್ 15ರಂದು ಎರಡಕ್ಕೆ ಒಂದರ ಮತದಿಂದ ನಿಯಮ ಅಂಗೀಕಾರವಾಯಿತು. ಭಿನ್ನಮತ ನೀಡಿದ ಮಾರ್ಕ್ ಮೆಕ್‌ವಾಟರ್ಸ್ ಅವರ ಆಕ್ಷೇಪ, ಕಾಂಗ್ರೆಸ್ ಕೊಟ್ಟ ಅಧಿಕಾರದ ಗಡಿಯನ್ನು ಮಂಡಳಿ ದಾಟಿದೆ ಎಂಬುದಾಗಿತ್ತು. 2019ರ ಜನವರಿಯಿಂದ ಜಾರಿಗೆ ಬರಬೇಕಿದ್ದ ನಿಯಮವನ್ನು ನಂತರದ ಮಂಡಳಿಗಳು ಮುಂದೂಡುತ್ತಾ ಹೋಗಿ, ಕೊನೆಗೆ 2022ರಲ್ಲಿ, ಸರಳವಾದ ಪರ್ಯಾಯದೊಂದಿಗೆ, ಜಾರಿಯಾಯಿತು.

ಆಡಳಿತದ ಖರ್ಚಿನ ವಿಷಯದಲ್ಲಿ ಮ್ಯಾಟ್ಸ್ ಅವರ ನಿಲುವು ಇಷ್ಟು ಮೃದುವಾಗಿರಲಿಲ್ಲ. ಸಂಸ್ಥೆಯ ವಾರ್ಷಿಕ ಆಯವ್ಯಯ ಅವರ ಕಾಲದಲ್ಲಿ ಏರುತ್ತಲೇ ಹೋಗಿ, 2016ಕ್ಕೆ 29 ಕೋಟಿ ಡಾಲರನ್ನು ದಾಟಿತು. ಕರಡು ಆಯವ್ಯಯದ ಮೇಲೆ ಸಾರ್ವಜನಿಕ ಸಭೆ ನಡೆಸಿ ಎಂಬ ಬೇಡಿಕೆಗೆ ಅವರು ಕೊನೆಯವರೆಗೂ ಮಣಿಯಲಿಲ್ಲ. ತಪಾಸಣೆಗೊಳಗಾಗುವವರು ತಪಾಸಕರ ಸಂಖ್ಯೆಯನ್ನು ನಿರ್ಧರಿಸುವಂತಾಗಬಾರದು ಎಂಬ ಕಾಳಜಿ ಅದರ ಹಿಂದೆ ಇದ್ದಿರಬಹುದು. ಆದರೆ ಸಭೆಯಲ್ಲಿ ಅಭಿಪ್ರಾಯ ಕೇಳುವುದು ಬೇರೆ, ಮತ ಹಾಕಲು ಬಿಡುವುದು ಬೇರೆ. ಅವರ ನಂತರ ಬಂದ ರಿಕ್ ಮೆಟ್ಸ್‌ಗರ್ ಅದೇ ವರ್ಷ ಅಂಥ ಸಭೆಯನ್ನು ಮರಳಿ ಆರಂಭಿಸಿದರು, ಆಕಾಶವೇನೂ ಕಳಚಿ ಬೀಳಲಿಲ್ಲ.

ನ್ಯೂಯಾರ್ಕಿನ ಬಿಲ್ಲೆ

ಈ ಅಧಿಕಾರಾವಧಿಯ ದುರ್ಬಲ ಪುಟ ಬರೆಯಲ್ಪಟ್ಟದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಹಳದಿ ಟ್ಯಾಕ್ಸಿಯ ಮುಂಭಾಗದ ಮೇಲೆ ತಗಡಿನ ಒಂದು ಪುಟ್ಟ ಬಿಲ್ಲೆ ಬಡಿದಿರುತ್ತದೆ. ಅದೇ ಪರವಾನಗಿ. ನಗರ ಇವುಗಳ ಸಂಖ್ಯೆಯನ್ನು ಬಿಗಿಯಾಗಿ ಮಿತಿಗೊಳಿಸಿದ್ದರಿಂದ 2014ರ ಹೊತ್ತಿಗೆ ಒಂದು ಬಿಲ್ಲೆಯ ಬೆಲೆ ಹತ್ತು ಲಕ್ಷ ಡಾಲರನ್ನು ಮೀರಿತ್ತು. ಟ್ಯಾಕ್ಸಿ ಚಾಲಕರಿಗೇ ಹೆಚ್ಚಾಗಿ ಸಾಲ ಕೊಡುತ್ತಿದ್ದ ಕೆಲವು ಯೂನಿಯನ್‌ಗಳು, ಮೆಲ್ರೋಸ್, ಮೊಂಟಾಕ್, ಲೊಮ್ಟೊ ಮೊದಲಾದವು, ತಮ್ಮ ಬಹುಪಾಲು ಹಣವನ್ನು ಈ ಬಿಲ್ಲೆಗಳ ಅಡಮಾನದ ಮೇಲೆ ಸಾಲವಾಗಿ ಕೊಟ್ಟಿದ್ದವು. ಸದಸ್ಯರಿಗೆ ವ್ಯಾಪಾರಿ ಸಾಲ ಕೊಡುವುದಕ್ಕೆ 1998ರ ಕಾಯ್ದೆ ಹಾಕಿದ ಮಿತಿಯಿಂದ, ಅಂಥ ಸಾಲವನ್ನೇ ಮುಖ್ಯವಾಗಿ ಕೊಡುತ್ತ ಬಂದ ಇಂಥ ಯೂನಿಯನ್‌ಗಳಿಗೆ ವಿನಾಯಿತಿ ಇತ್ತು. ಅಸಲಿನ ಬದಲು ಬರೀ ಬಡ್ಡಿ ಕಟ್ಟಿಸಿಕೊಂಡು, ಬಿಲ್ಲೆಯ ಬೆಲೆ ಏರಿದಾಗಲೆಲ್ಲ ಹೆಚ್ಚು ಸಾಲ ಕೊಟ್ಟು, ಚಾಲಕನ ದುಡಿಮೆ ಕಂತಿಗೆ ಸಾಕೇ ಎಂಬುದನ್ನು ಸರಿಯಾಗಿ ನೋಡದ ಪದ್ಧತಿ ಬೆಳೆದಿತ್ತು. ಚಾಲಕರಲ್ಲಿ ಬಹುಮಂದಿ ವಲಸಿಗರು, ದಕ್ಷಿಣ ಏಷ್ಯಾದಿಂದ ಹೋದವರ ಸಂಖ್ಯೆ ದೊಡ್ಡದು.

ಬಾಂಡುಗಳ ವಿಷಯದಲ್ಲಿ ವ್ಯವಸ್ಥೆಯನ್ನು ಕೆಡವಿದ್ದು ಏನು? ಒಂದೇ ಬಗೆಯ ಆಸ್ತಿಯಲ್ಲಿ ಎಲ್ಲ ಹಣ, ಬೆಲೆ ಇಳಿಯುವುದೇ ಇಲ್ಲ ಎಂಬ ನಂಬಿಕೆ, ಸಾಲಗಾರನ ಶಕ್ತಿಯ ಬದಲು ಅಡಮಾನದ ಬೆಲೆಯ ಮೇಲೆ ಭರವಸೆ. ಬಿಲ್ಲೆಯ ಸಾಲದಲ್ಲಿ ಈ ಮೂರೂ ಇದ್ದವು. 2014ರಲ್ಲಿ ಎನ್‌ಸಿಯುಎ ಈ ಸಾಲಗಳ ಬಗ್ಗೆ ತಪಾಸಕರಿಗೆ ಸೂಚನಾ ಪತ್ರ ಕಳಿಸಿತು, ಅಂದರೆ ಅಪಾಯ ಅರಿವಿಗೆ ಬಂದಿತ್ತು. ಆದರೆ ಊಬರ್ ಬಂದು ಬಿಲ್ಲೆಯ ಬೆಲೆ ಆಗಲೇ ಜಾರತೊಡಗಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಮೊಂಟಾಕ್ ಸರ್ಕಾರಿ ಆಡಳಿತಕ್ಕೆ ಹೋಯಿತು. 2017ರಲ್ಲಿ ಮೆಲ್ರೋಸ್ ಮತ್ತು ಲೊಮ್ಟೊ ಕೂಡ ಹೋಗಿ, 2018ರಲ್ಲಿ ಎರಡೂ ಮುಚ್ಚಿದವು. ಅಷ್ಟರಲ್ಲಿ ಬಿಲ್ಲೆಯ ಬೆಲೆ ಎರಡು ಲಕ್ಷ ಡಾಲರಿಗಿಂತ ಕೆಳಗಿಳಿದಿತ್ತು. ಮಹಾ ಪರಿವೀಕ್ಷಕರ 2019ರ ವರದಿ ವಿಮಾ ನಿಧಿಗಾದ ನಷ್ಟವನ್ನು ಸುಮಾರು 76 ಕೋಟಿ ಡಾಲರ್ ಎಂದು ಅಂದಾಜಿಸಿ, ತಪಾಸಕರು ಇನ್ನೂ ಬಿಗಿಯಾಗಿ, ಇನ್ನೂ ಬೇಗ ಮಧ್ಯಪ್ರವೇಶಿಸಬೇಕಿತ್ತು ಎಂದಿತು.

ಇದಕ್ಕೆ ಮ್ಯಾಟ್ಸ್ ಒಬ್ಬರೇ ಹೊಣೆಯಲ್ಲ. ಮೆಲ್ರೋಸ್ ಮತ್ತು ಮೊಂಟಾಕ್ ರಾಜ್ಯದ ಪರವಾನಗಿ ಪಡೆದವು, ಅವುಗಳ ಮೊದಲ ಮೇಲ್ವಿಚಾರಕ ನ್ಯೂಯಾರ್ಕ್ ರಾಜ್ಯ. ಬಿಲ್ಲೆಗಳನ್ನು ಹರಾಜು ಹಾಕಿ ಆದಾಯ ಮಾಡಿಕೊಂಡ ನಗರದ ಪಾಲೂ ಇದೆ. ಆದರೂ 2010ರಲ್ಲಿ ಕಾರ್ಪೊರೇಟ್ ಸಂಸ್ಥೆಗಳಿಗೆ ಒಂದು ಬಗೆಯ ಆಸ್ತಿಯನ್ನು ಕೊಳ್ಳಲೇಬೇಡಿ ಎಂದು ಖಡಾಖಂಡಿತವಾಗಿ ಹೇಳಿದ ಮಂಡಳಿ, ಕೆಳ ಹಂತದಲ್ಲಿ ಅದೇ ಲಕ್ಷಣಗಳಿದ್ದ ಸಾಲಕ್ಕೆ ಸೂಚನಾ ಪತ್ರದಲ್ಲಿ ತೃಪ್ತಿಪಟ್ಟದ್ದನ್ನು ಗಮನಿಸದೆ ಇರಲಾಗದು. ಬಿಕ್ಕಟ್ಟಿನಲ್ಲಿ ಚುರುಕಾಗಿದ್ದ ಕಣ್ಣು ಸಾಮಾನ್ಯ ದಿನಗಳಲ್ಲಿ ಅಷ್ಟು ಚುರುಕಾಗಿರಲಿಲ್ಲ ಎಂಬುದು ನನ್ನ ತೀರ್ಮಾನ.

ಲೆಕ್ಕ ಮುಗಿದ ಬಗೆ

ಮ್ಯಾಟ್ಸ್ 2016ರ ಏಪ್ರಿಲ್ 30ರಂದು ಹುದ್ದೆಯಿಂದ ಇಳಿದರು. ಆಗ ಯೂನಿಯನ್‌ಗಳ ಸಂಖ್ಯೆ ಆರು ಸಾವಿರದ ಆಸುಪಾಸಿಗೆ ಇಳಿದಿತ್ತು, ಸದಸ್ಯರ ಸಂಖ್ಯೆ ಹತ್ತು ಕೋಟಿಯನ್ನು ದಾಟಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಖಜಾನೆಗೆ ಉಳಿದಿದ್ದ ಕೊನೆಯ 100 ಕೋಟಿ ಡಾಲರ್ ಸಾಲ ತೀರಿತು. 2017ರ ಅಕ್ಟೋಬರ್ 1ರಂದು ಸ್ಥಿರತಾ ನಿಧಿಯನ್ನು ಅವಧಿಗೆ ನಾಲ್ಕು ವರ್ಷ ಮೊದಲೇ ಮುಚ್ಚಿ, ಅದರಲ್ಲಿ ಉಳಿದ ಹಣವನ್ನು ಷೇರು ವಿಮಾ ನಿಧಿಗೆ ಸೇರಿಸಲಾಯಿತು. ಎಲ್ಲವನ್ನೂ ಕೂಡಲೇ ಮರಳಿಸಿ ಎಂದು ಯೂನಿಯನ್‌ಗಳು ಕೇಳಿದವು. ಮಂಡಳಿ ಒಪ್ಪದೆ, ವಿಮಾ ನಿಧಿ ಇಟ್ಟುಕೊಳ್ಳಬೇಕಾದ ಗುರಿಯನ್ನು ವಿಮೆಯುಳ್ಳ ಠೇವಣಿಯ ಶೇ 1.30ರಿಂದ ಶೇ 1.39ಕ್ಕೆ ಏರಿಸಿ, ಮಿಕ್ಕದ್ದರಲ್ಲಿ 73.57 ಕೋಟಿ ಡಾಲರನ್ನು 2018ರಲ್ಲಿ ಹಂಚಿತು. ಟ್ಯಾಕ್ಸಿ ಬಿಲ್ಲೆಗಳ ನಷ್ಟವೂ ಇದೇ ನಿಧಿಯಿಂದ ತೀರಬೇಕಾಗಿತ್ತು. ವಾಲ್ ಸ್ಟ್ರೀಟಿನಿಂದ ಬಂದ ಹಣವೂ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಟ್ಯಾಕ್ಸಿ ಸಾಲಗಳಲ್ಲಿ ಹೋದ ಹಣವೂ ಹೀಗೆ ಒಂದೇ ಖಾತೆಯ ಎರಡು ಕಾಲಂಗಳಲ್ಲಿ ಬಂದು ಕೂತವು.

ಮುಳುಗಿದ ಐದು ಸಂಸ್ಥೆಗಳಲ್ಲಿ ಬಂಡವಾಳ ಇಟ್ಟು ಅದನ್ನು ಕೈಬಿಟ್ಟಿದ್ದ ಯೂನಿಯನ್‌ಗಳ ಪೈಕಿ ಕೆಲವಕ್ಕೆ 2020ರ ನಂತರ ಆ ಹಣ ಕಂತುಗಳಲ್ಲಿ ಮರಳತೊಡಗಿತು. ವೆಸ್‌ಕಾರ್ಪ್‌ನಲ್ಲಿ ಇಟ್ಟವರಿಗೆ ಮಾತ್ರ ಆ ಭಾಗ್ಯವಿರಲಿಲ್ಲ.